ಪಾಠೋಪಕರಣ ತಯಾರಿಕೆಗೆ ಮೇಜುಗರಗಸ: ಕೊಳ್ಳುವಾಗ, ಬಳಸುವಾಗ

ಬೋಧನಾಭ್ಯಾಸದ ಅವಧಿ ಮುಗಿದ ಮೇಲೆ ಕಾಲೇಜಿನ ಉಗ್ರಾಣದಲ್ಲಿ ಉಳಿಯುವುದು ಹೆಚ್ಚಾಗಿ ಮುರಿದ ಥರ್ಮಾಕೋಲ್ ಮತ್ತು ಸುರುಳಿ ಬಿಚ್ಚದ ಚಾರ್ಟುಗಳು. ಮರದಲ್ಲಿ ಮಾಡಿದ ಉಪಕರಣ ಮಾತ್ರ ಮುಂದಿನ ತಂಡಕ್ಕೂ ಅದರ ಮುಂದಿನ ತಂಡಕ್ಕೂ ಒದಗುತ್ತದೆ. ಭಿನ್ನರಾಶಿ ಪಟ್ಟಿ, ನೇಪಿಯರ್ ಪಟ್ಟಿ, ಜಿಯೋಬೋರ್ಡ್, ಸಂಖ್ಯಾಕಡ್ಡಿ ಇವನ್ನೆಲ್ಲ ಮರದಲ್ಲೇ ಮಾಡಿ ಎಂದು ನಾನು ಪ್ರಶಿಕ್ಷಣಾರ್ಥಿಗಳಿಗೆ ಹೇಳುತ್ತ ಬಂದಿದ್ದೇನೆ. ಹಾಗೆ ಹೇಳಿದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: ‘ಮನೆಯಲ್ಲೇ ಇಟ್ಟುಕೊಳ್ಳಲು ಕಡಿಮೆ ಬೆಲೆಯ, ಎತ್ತಿಡಬಹುದಾದ ಮೇಜುಗರಗಸ ಕೊಂಡರೆ ಹೇಗೆ?’ ಕೇಳುವವರಲ್ಲಿ ಸಹೋದ್ಯೋಗಿಗಳೂ ಇದ್ದಾರೆ. ನಾನೂ ಬಿಡುವಿನಲ್ಲಿ ಮರಗೆಲಸ ಮಾಡುವವನಾದ್ದರಿಂದ ಉತ್ತರವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲು, ನಿಖರತೆ ನಮಗೆ ಏಕೆ ಬೇಕು? 240 ಮಿಲಿಮೀಟರ್ ಉದ್ದದ ಪಟ್ಟಿಯನ್ನು ಒಂದು ಪೂರ್ಣ ಎಂದುಕೊಳ್ಳೋಣ. ಅರ್ಧ 120, ಮೂರನೆಯ ಒಂದು 80, ಕಾಲು 60, ಹನ್ನೆರಡನೆಯ ಒಂದು 20 ಮಿಲಿಮೀಟರ್. ಈ ಸಣ್ಣ ತುಂಡು ಒಂದೊಂದರಲ್ಲೂ ಅರ್ಧ ಮಿಲಿಮೀಟರ್ ಹೆಚ್ಚಿದ್ದರೆ ಹನ್ನೆರಡು ಸೇರಿದಾಗ 6 ಮಿಲಿಮೀಟರ್ ಹೆಚ್ಚಾಗುತ್ತದೆ. ಮಗು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುತ್ತದೆ. ಶಿಕ್ಷಕರು ಸಮ ಎನ್ನುತ್ತಾರೆ, ಕಣ್ಣು ಅಲ್ಲ ಎನ್ನುತ್ತದೆ. ಮಗು ನಂಬುವುದು ಕಣ್ಣನ್ನು, ನಂಬಬೇಕಾದದ್ದೂ ಅದನ್ನೇ. ಸಂಖ್ಯಾಕಡ್ಡಿಗಳ ಅಗಲ ಹೆಚ್ಚುಕಡಿಮೆಯಾದರೂ ಇದೇ ಕಥೆ. ಒಂದೇ ಅಗಲದ ಇಪ್ಪತ್ತು ಪಟ್ಟಿಗಳನ್ನು ಕೈಗರಗಸದಲ್ಲಿ ಉದ್ದಕ್ಕೆ ಸೀಳುವುದು ಪಳಗಿದ ಬಡಗಿಗೂ ಬೆವರಿಳಿಸುವ ಕೆಲಸ. ಮೇಜುಗರಗಸ ಗೆಲ್ಲುವುದು ಅಲ್ಲಿ.

ಆದರೂ ಕೊಳ್ಳುವ ಮುನ್ನ ಕೇಳಿಕೊಳ್ಳಬೇಕು. ವರ್ಷಕ್ಕೆ ಎರಡೋ ಮೂರೋ ಸೆಟ್ ಮಾಡುವವರಿಗೆ ಇದು ಬೇಡ. ಊರಿನ ಮರದ ಮಿಲ್ಲಿಗೋ ಪೀಠೋಪಕರಣದ ಅಂಗಡಿಗೋ ಹಲಗೆ ಒಯ್ದು, ಅಳತೆ ಬರೆದುಕೊಟ್ಟು ಪಟ್ಟಿ ಸೀಳಿಸಿಕೊಂಡು ಬರುವುದೇ ಜಾಣತನ. ಪ್ರತಿ ವಾರ ಮರ ಮುಟ್ಟುವವರು, ಮನೆಗೆ ಕಪಾಟು, ಸ್ಟೂಲು ಮಾಡಿಕೊಳ್ಳುವ ಹಂಬಲ ಇರುವವರು ಮುಂದೆ ಓದಬಹುದು.

ಮೇಜುಗರಗಸ ಎಂದರೆ ಚಪ್ಪಟೆ ಲೋಹದ ಮೇಜು, ಅದರ ಸೀಳಿನಿಂದ ಮೇಲೆದ್ದ ವೃತ್ತಾಕಾರದ ಬ್ಲೇಡು. ಕೈಗರಗಸದಲ್ಲಿ ಮರ ನಿಂತಿರುತ್ತದೆ, ಗರಗಸ ಚಲಿಸುತ್ತದೆ. ಇಲ್ಲಿ ಗರಗಸ ತನ್ನ ಜಾಗದಲ್ಲೇ ತಿರುಗುತ್ತದೆ, ಮರವನ್ನು ನಾವು ತಳ್ಳುತ್ತೇವೆ. ಈ ವ್ಯತ್ಯಾಸ ಸಣ್ಣದಲ್ಲ. ಕೈಗರಗಸದಲ್ಲಿ ಕೈ ಹಿಡಿಯ ಮೇಲಿರುತ್ತದೆ. ಇಲ್ಲಿ ಕೈ ಪ್ರತಿ ಸಲವೂ ಬ್ಲೇಡಿನ ಕಡೆಗೇ ಹೋಗುತ್ತದೆ. ಎತ್ತಿಡಬಹುದಾದ ಮಾದರಿಗಳಲ್ಲಿ ಸಾಮಾನ್ಯವಾಗಿ 210 ಅಥವಾ 254 ಮಿಲಿಮೀಟರ್ ವ್ಯಾಸದ ಬ್ಲೇಡು, ಮಿಕ್ಸಿಯಲ್ಲಿರುವ ಬಗೆಯ ಕಾರ್ಬನ್ ಬ್ರಷ್ ಮೋಟಾರು ಇರುತ್ತವೆ. ಮೋಟಾರು ಹಗುರ, ಸದ್ದು ಜಾಸ್ತಿ; ಬ್ರಷ್ ಸವೆದಾಗ ಬದಲಿಸಬೇಕು. ನಮ್ಮ ಕೆಲಸಕ್ಕೆ 210 ಸಾಕು. ಪಾಠೋಪಕರಣಕ್ಕೆ ಒಂದಂಗುಲಕ್ಕಿಂತ ದಪ್ಪದ ಹಲಗೆ ಬೇಕಾಗುವುದು ಅಪರೂಪ.

ಇಲ್ಲೊಂದು ಎಚ್ಚರಿಕೆಯ ಮಾತು. ಕಲ್ಲು ಕೊಯ್ಯುವ ಮಾರ್ಬಲ್ ಕಟರನ್ನು ಪ್ಲೈವುಡ್ ಹಲಗೆಯ ಅಡಿಗೆ ತಲೆಕೆಳಗಾಗಿ ಬಿಗಿದು, ಮರದ ಬ್ಲೇಡು ಹಾಕಿ ಮೇಜುಗರಗಸ ಮಾಡಿಕೊಳ್ಳುವುದು ನಮ್ಮಲ್ಲಿ ಎಲ್ಲೆಡೆ ಕಾಣುತ್ತದೆ. ದುಡ್ಡು ಉಳಿಯುತ್ತದೆ, ನಿಜ. ಆದರೆ ಆ ಯಂತ್ರ ನಿಮಿಷಕ್ಕೆ 12,000 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಮೇಲುಮುಚ್ಚಳ ಇಲ್ಲ, ಬ್ಲೇಡಿನ ಹಿಂದೆ ಮರವನ್ನು ಅಗಲಿಸಿ ಹಿಡಿಯುವ ಪಟ್ಟಿ ಇಲ್ಲ, ಸ್ವಿಚ್ಚು ಹಲಗೆಯ ಅಡಿಯಲ್ಲೆಲ್ಲೋ ಒತ್ತಿದಂತೆಯೇ ಲಾಕ್ ಆಗಿ ಕುಳಿತಿರುತ್ತದೆ. ಏನಾದರೂ ಆದರೆ ಆರಿಸಲು ಬಗ್ಗಬೇಕು, ಬಗ್ಗಿದರೆ ಮುಖ ಬ್ಲೇಡಿನ ಮಟ್ಟಕ್ಕೆ ಬರುತ್ತದೆ. ಕಡಿಮೆ ಬೆಲೆಯದ್ದು ಹುಡುಕಿ ಎಂದರೆ ಇದನ್ನು ಮಾಡಿ ಎಂದು ಅರ್ಥವಲ್ಲ. ಇಷ್ಟಕ್ಕೇ ದುಡ್ಡಿದ್ದರೆ ಒಳ್ಳೆಯ ಕೈಗರಗಸ ಕೊಳ್ಳಿ.

ಅಂಗಡಿಯಲ್ಲಿ ಮೋಟಾರಿನ ವ್ಯಾಟ್ ಎಷ್ಟು ಎಂದು ಕೇಳುವುದು ನಮಗೆ ರೂಢಿ. ನಾನು ಮೊದಲು ನೋಡುವುದು ಫೆನ್ಸನ್ನು, ಅಂದರೆ ಮರ ಒರಗಿಕೊಂಡು ಸಾಗುವ ಪಕ್ಕದ ತಡೆಯನ್ನು. ಅದನ್ನು ಬಿಗಿ ಮಾಡಿ ಹಿಂದಿನ ತುದಿಯನ್ನು ಬೆರಳಿನಿಂದ ಪಕ್ಕಕ್ಕೆ ಒತ್ತಿ. ಅಲ್ಲಾಡಿದರೆ ಆ ಯಂತ್ರ ಎಷ್ಟು ಅಗ್ಗವಾದರೂ ಬೇಡ. ಆಮೇಲೆ ಬ್ಲೇಡಿಗೂ ಫೆನ್ಸಿಗೂ ನಡುವಿನ ಅಂತರವನ್ನು ಮುಂದೊಮ್ಮೆ ಹಿಂದೊಮ್ಮೆ ಅಳೆಯಿರಿ. ಬ್ಲೇಡು ಮೇಜಿನ ಮೇಲಿನ ಗಾಡಿಗೆ ಸಮಾಂತರವಾಗಿದೆಯೇ ಎಂಬುದನ್ನೂ ನೋಡಬೇಕು: ಒಂದು ಹಲ್ಲಿಗೆ ಪೆನ್ಸಿಲ್ ಗುರುತು ಹಾಕಿ, ಅದು ಮುಂದಿದ್ದಾಗ ಗಾಡಿಯಿಂದ ಇರುವ ದೂರ, ಅದೇ ಹಲ್ಲನ್ನು ಕೈಯಲ್ಲಿ ಹಿಂದಕ್ಕೆ ತಿರುಗಿಸಿದಾಗ ಇರುವ ದೂರ, ಎರಡೂ ಒಂದೇ ಇರಬೇಕು. ಒಂದೇ ಹಲ್ಲು ಏಕೆ ಎಂದರೆ ಬ್ಲೇಡು ತುಸು ಬಾಗಿದ್ದರೂ ಆ ದೋಷ ಅಳತೆಗೆ ಸೇರಬಾರದು. ಈ ತಪಾಸಣೆಯೆಲ್ಲ ಪ್ಲಗ್ ಹಾಕದೆಯೇ. ಅಂಗಡಿಯವರು ಗೊಣಗಿದರೆ ಗೊಣಗಲಿ.

ಎರಡನೆಯದು ರೈವಿಂಗ್ ನೈಫ್. ಬ್ಲೇಡಿನ ಹಿಂದೆ ಬಾಗಿದ ಬೆನ್ನಿನಂತೆ ನಿಂತಿರುವ ತೆಳು ಉಕ್ಕಿನ ಪಟ್ಟಿ ಇದು. ಹೆಸರು ನೈಫ್ ಆದರೂ ಏನನ್ನೂ ಕೊಯ್ಯುವುದಿಲ್ಲ. ಇದರ ಉಪಯೋಗ ತಿಳಿಯಬೇಕಾದರೆ ಬ್ಲೇಡು ತಿರುಗುವ ದಿಕ್ಕನ್ನು ಕಣ್ಣಮುಂದೆ ತಂದುಕೊಳ್ಳಬೇಕು. ನಮ್ಮ ಕಡೆಯ ಹಲ್ಲುಗಳು ಮೇಲಿನಿಂದ ಕೆಳಗೆ ಇಳಿಯುತ್ತ ಮರವನ್ನು ಮೇಜಿಗೆ ಒತ್ತುತ್ತವೆ, ಅದು ಕ್ಷೇಮ. ಹಿಂದಿನ ಹಲ್ಲುಗಳು ಮೇಜಿನಡಿಯಿಂದ ಮೇಲೆ ಏಳುತ್ತವೆ. ಸೀಳಿದ ಮರ ಒಳಸೆಳೆತದಿಂದ ಮತ್ತೆ ಮುಚ್ಚಿಕೊಂಡು ಬ್ಲೇಡನ್ನು ಹಿಂಡಿದರೆ, ಅಥವಾ ತುಂಡು ತುಸು ಓರೆಯಾಗಿ ಫೆನ್ಸಿಗೂ ಹಿಂದಿನ ಹಲ್ಲಿಗೂ ನಡುವೆ ಸಿಕ್ಕಿಕೊಂಡರೆ, ಆ ಏಳುವ ಹಲ್ಲುಗಳು ಮರವನ್ನು ಎತ್ತಿ ನಮ್ಮ ಮೇಲೆಯೇ ಎಸೆಯುತ್ತವೆ. ಇದಕ್ಕೆ ಕಿಕ್‌ಬ್ಯಾಕ್ ಎನ್ನುತ್ತಾರೆ. ಎಸೆತದ ವೇಗ ಎಷ್ಟಿರಬಹುದು? 254 ಮಿಲಿಮೀಟರ್ ವ್ಯಾಸದ ಬ್ಲೇಡಿನ ಪರಿಧಿ ಸುಮಾರು 0.8 ಮೀಟರ್. ನಿಮಿಷಕ್ಕೆ 4,000 ಸುತ್ತಾದರೆ 3,200 ಮೀಟರ್, ಅಂದರೆ ಸೆಕೆಂಡಿಗೆ 53 ಮೀಟರ್, ಗಂಟೆಗೆ 190 ಕಿಲೋಮೀಟರ್ ಹತ್ತಿರ. ವೃತ್ತದ ಪರಿಧಿಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ನನಗೆ ಸಿಕ್ಕಿಲ್ಲ. ಬೆದರಿದ ಮನುಷ್ಯ ಕೈ ಹಿಂದೆಳೆಯಲು ಸೆಕೆಂಡಿನ ಐದನೇ ಒಂದು ಭಾಗವಾದರೂ ಬೇಕು. ಅಷ್ಟರಲ್ಲಿ ಬ್ಲೇಡು ಹದಿಮೂರು ಸುತ್ತು ಮುಗಿಸಿರುತ್ತದೆ, 40 ಹಲ್ಲಿನ ಬ್ಲೇಡಾದರೆ ಐನೂರಕ್ಕೂ ಹೆಚ್ಚು ಹಲ್ಲು ಆ ಜಾಗ ದಾಟಿರುತ್ತವೆ. ಮರ ಹಾರಿದಾಗ ಅದನ್ನು ಒತ್ತಿ ಹಿಡಿದಿದ್ದ ಕೈ ಆಸರೆ ತಪ್ಪಿ ಬ್ಲೇಡಿನತ್ತ ಜಾರುವುದೂ ಉಂಟು. ರೈವಿಂಗ್ ನೈಫ್ ಸೀಳಿನೊಳಗೆ ನಿಂತು ಮರ ಮುಚ್ಚಿಕೊಳ್ಳದಂತೆ, ಹಿಂದಿನ ಹಲ್ಲುಗಳತ್ತ ವಾಲದಂತೆ ತಡೆಯುತ್ತದೆ. ಅದನ್ನು ಬಿಚ್ಚಿಟ್ಟು ಮಾರುವ ಅಥವಾ ‘ಅದೆಲ್ಲ ಬೇಡ ಬಿಡಿ’ ಎನ್ನುವ ಅಂಗಡಿಯಿಂದ ಹೊರಗೆ ಬನ್ನಿ.

ಚರ್ಮ ತಗುಲಿದ ಕ್ಷಣವೇ ಬ್ಲೇಡನ್ನು ನಿಲ್ಲಿಸುವ ಗರಗಸಗಳೂ ಇವೆ. ಅಮೆರಿಕದ ಸ್ಟೀವ್ ಗ್ಯಾಸ್ 1999ರಲ್ಲಿ ರೂಪಿಸಿದ ಸಾಸ್ಟಾಪ್ ವ್ಯವಸ್ಥೆಯಲ್ಲಿ ಮೈಯ ವಿದ್ಯುದ್ವಾಹಕತೆಯನ್ನು ಗುರುತಿಸಿ, ಅಲ್ಯೂಮಿನಿಯಂ ತುಂಡೊಂದು ಬ್ಲೇಡಿಗೆ ಬಡಿದು, ಸುಮಾರು 5 ಮಿಲಿಸೆಕೆಂಡಿನಲ್ಲಿ ಅದನ್ನು ನಿಲ್ಲಿಸುತ್ತದೆ. ನಮ್ಮ ಬಜೆಟ್ಟಿನ ಯಂತ್ರಗಳಲ್ಲಿ ಅದನ್ನು ನಿರೀಕ್ಷಿಸುವಂತಿಲ್ಲ. ಅಲ್ಲಿ ಯಂತ್ರ ಮಾಡುವುದನ್ನು ಇಲ್ಲಿ ನಮ್ಮ ಅಭ್ಯಾಸ ಮಾಡಬೇಕು.

ಇನ್ನು ಕರೆಂಟು. 1,800 ವ್ಯಾಟ್ ಯಂತ್ರ 230 ವೋಲ್ಟಿನಲ್ಲಿ ಎಂಟು ಆಂಪಿಯರ್ ಹತ್ತಿರ ಎಳೆಯುತ್ತದೆ. ಮನೆಯ 6 ಆಂಪಿಯರ್ ಸಾಕೆಟ್ ಇದಕ್ಕಲ್ಲ. ಗೀಸರ್‌ಗೆ ಬಳಸುವ 16 ಆಂಪಿಯರಿನದೇ ಬೇಕು. ಎಕ್ಸ್‌ಟೆನ್ಷನ್ ಬೇಕೇ ಬೇಕಾದರೆ 2.5 ಚದರ ಮಿಲಿಮೀಟರಿನ ತಂತಿ ಇರಲಿ. ತೆಳು ತಂತಿ ಬಿಸಿಯಾಗುತ್ತದೆ, ಮೋಟಾರಿಗೆ ವೋಲ್ಟೇಜ್ ಸಾಲದೆ ಬ್ಲೇಡು ಮರದ ನಡುವೆ ಏದುಸಿರು ಬಿಡುತ್ತದೆ, ಕೊಯ್ದ ಅಂಚು ಸುಟ್ಟು ಕಪ್ಪಾಗುತ್ತದೆ. ಇದಕ್ಕಿಂತ ಮುಖ್ಯವಾದದ್ದು ಸ್ವಿಚ್ಚಿನ ಬಗೆ. ಕೊಯ್ಯುತ್ತಿರುವಾಗ ಕರೆಂಟು ಹೋಯಿತೆನ್ನಿ. ನಾವು ‘ಹೋಯಿತಲ್ಲಪ್ಪಾ’ ಎನ್ನುತ್ತ ಸಿಕ್ಕಿಕೊಂಡ ತುಂಡನ್ನು ಕೈಯಲ್ಲಿ ಬಿಡಿಸಲು ಹೋಗುತ್ತೇವೆ. ಅಷ್ಟರಲ್ಲಿ ಕರೆಂಟು ಬಂದರೆ? ನೋ-ವೋಲ್ಟ್ ರಿಲೀಸ್ ಸ್ವಿಚ್ಚು ಇರುವ ಯಂತ್ರ ತಾನಾಗಿ ಹೊರಡುವುದಿಲ್ಲ, ಹಸಿರು ಗುಂಡಿಯನ್ನು ಮತ್ತೆ ಒತ್ತಲೇಬೇಕು. ಸಾದಾ ಸ್ವಿಚ್ಚಿನದು ಹೊರಟೇ ಬಿಡುತ್ತದೆ. ಬೇಸಿಗೆಯಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗಿಬರುವ ಊರುಗಳಲ್ಲಿ ಇದ್ದು ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ. ಅಂಗಡಿಯಲ್ಲೇ ಪರೀಕ್ಷಿಸಬಹುದು: ಯಂತ್ರ ಓಡುತ್ತಿರುವಾಗ ಗೋಡೆಯ ಸ್ವಿಚ್ಚು ಆರಿಸಿ, ಬ್ಲೇಡು ನಿಂತ ಮೇಲೆ ದೂರ ನಿಂತು ಮತ್ತೆ ಹಾಕಿ ನೋಡಿ.

ಯಂತ್ರದ ಜೊತೆ ಬರುವ ಬ್ಲೇಡು ಸಾಮಾನ್ಯವಾಗಿ ಸಾಧಾರಣದ್ದು. ಉಳಿಸಿದ ದುಡ್ಡನ್ನು ಇಲ್ಲಿ ಖರ್ಚು ಮಾಡಿ. ನಾರಿನ ಗುಂಟ ಸೀಳಲು 24 ಹಲ್ಲು, ಎರಡಕ್ಕೂ ಒಂದೇ ಬೇಕಾದರೆ 40, ಪ್ಲೈವುಡ್ಡಿನ ಅಂಚು ಕೀಳದಿರಲು 60. ಬ್ಲೇಡು ಬದಲಿಸಿದರೆ ಅದರ ಕೊಯ್ತ ರೈವಿಂಗ್ ನೈಫಿಗಿಂತ ತುಸು ಅಗಲವಾಗಿಯೇ ಇರಬೇಕು, ಇಲ್ಲದಿದ್ದರೆ ಮರ ಅಲ್ಲಿ ಸಿಕ್ಕಿ ನಿಲ್ಲುತ್ತದೆ. ಕೊಯ್ತದ ಅಗಲ ಎಂದೊಡನೆ ಏಳನೇ ತರಗತಿಗೆ ಕೊಡಬಹುದಾದ ಒಂದು ಸಮಸ್ಯೆ ನೆನಪಾಗುತ್ತದೆ. 300 ಮಿಲಿಮೀಟರ್ ಅಗಲದ ಹಲಗೆಯಿಂದ 25 ಮಿಲಿಮೀಟರಿನ ಪಟ್ಟಿ ಎಷ್ಟು ಬರುತ್ತವೆ? ಕಾಗದದ ಮೇಲೆ ಹನ್ನೆರಡು. ಬ್ಲೇಡು ಪ್ರತಿ ಸಲ 3 ಮಿಲಿಮೀಟರ್ ಮರವನ್ನು ಹೊಟ್ಟು ಮಾಡುತ್ತದೆ ಎಂದರೆ ಹತ್ತೇ. ಹನ್ನೊಂದಕ್ಕೆ 275 ಮಿಲಿಮೀಟರ್ ಮರ, ನಡುವಿನ ಹತ್ತು ಕೊಯ್ತಕ್ಕೆ 30, ಒಟ್ಟು 305 ಬೇಕಾಗುತ್ತದೆ. ಹತ್ತಾದ ಮೇಲೆ 20 ಮಿಲಿಮೀಟರಿನ ಒಂದು ಕಿರಿದು ಪಟ್ಟಿ ಉಳಿಯುತ್ತದೆ. ಹಲಗೆಯನ್ನೂ ಪಟ್ಟಿಗಳನ್ನೂ ಮುಂದಿಟ್ಟು ಕೇಳಿದರೆ ಚರ್ಚೆ ಅರ್ಧ ಪೀರಿಯಡ್ ನಡೆಯುತ್ತದೆ.

ಬಳಸುವಾಗ ಮೊದಲ ಮಾತು ಉಡುಪಿನದು. ಸೆರಗು, ದುಪಟ್ಟಾ, ಸಡಿಲ ತೋಳು, ಇಳಿಬಿಟ್ಟ ಜಡೆ, ಬಳೆ, ಕೊರಳ ಸರ ಯಾವುದೂ ಬ್ಲೇಡಿನ ಬಳಿ ತೂಗಾಡಬಾರದು. ಕೈಗವಸು ಹಾಕಿದರೆ ಕ್ಷೇಮ ಎಂದು ಹಲವರು ತಿಳಿಯುತ್ತಾರೆ. ಇಲ್ಲಿ ಅದೇ ಅಪಾಯ, ಒಂದು ಎಳೆ ಸಿಕ್ಕರೂ ಕೈಯನ್ನೇ ಒಳಗೆಳೆಯುತ್ತದೆ. ಬ್ಲೇಡಿನ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಲ್ಲಬೇಕು. ಬ್ಲೇಡಿನ ಎತ್ತರ ಮರದ ಮೇಲೆ ಹಲ್ಲು ಪೂರ್ತಿ ಕಾಣುವಷ್ಟಿದ್ದರೆ ಸಾಕು. ಫೆನ್ಸಿಗೂ ಬ್ಲೇಡಿಗೂ ನಡುವೆ ಒಂದು ಗೇಣಿಗಿಂತ ಕಡಿಮೆ ಜಾಗವಿದ್ದರೆ ಕೈ ಹೋಗಬಾರದು, ತಳ್ಳುಕೋಲು ಹೋಗಬೇಕು. ತಳ್ಳುಕೋಲನ್ನು ಪ್ಲೈವುಡ್ ಚೂರಿನಿಂದ ನಾವೇ ಮಾಡಿಕೊಳ್ಳಬಹುದು. ನಾಲ್ಕು ಮಾಡಿ ಕೈಗೆಟಕುವಲ್ಲೇ ನೇತುಹಾಕಿ, ಏಕೆಂದರೆ ಹುಡುಕಬೇಕಾಗಿ ಬಂದರೆ ಮನುಷ್ಯ ‘ಇದೊಂದು ಸಲ’ ಎಂದು ಬೆರಳನ್ನೇ ಬಳಸುತ್ತಾನೆ. ಕಿರಿದಾದ ಪಟ್ಟಿ ಸೀಳುವಾಗ ಅಗಲದ ಭಾಗ ಫೆನ್ಸಿನ ಕಡೆಗಿದ್ದು, ಪಟ್ಟಿ ಬ್ಲೇಡಿನ ಆಚೆಗೆ ಬೀಳುವಂತೆ ಹೊಂದಿಸುವುದು ನನ್ನ ಕ್ರಮ. ಪ್ರತಿ ಸಲ ಫೆನ್ಸ್ ಸರಿಸಬೇಕಾಗುತ್ತದೆ, ಕೆಲಸ ನಿಧಾನ; ಆದರೆ ಸಣ್ಣ ಸಂದಿಯೊಳಗೆ ಏನನ್ನೂ ತೂರಿಸಬೇಕಿಲ್ಲ.

ಅಡ್ಡ ಕೊಯ್ಯುವಾಗ ಮೈಟರ್ ಗೇಜ್ ಬಳಸಬೇಕು, ಆಗ ಫೆನ್ಸ್ ದೂರ ಇರಬೇಕು. ಎರಡನ್ನೂ ಒಟ್ಟಿಗೆ ಬಳಸಿದರೆ ಕತ್ತರಿಸಿದ ಚೂರು ನಡುವೆ ಸಿಕ್ಕಿ ಒದೆಯುತ್ತದೆ. ನಮ್ಮ 20 ಮಿಲಿಮೀಟರಿನ ಭಿನ್ನರಾಶಿ ತುಂಡುಗಳನ್ನಂತೂ ನಾನು ಈ ಯಂತ್ರದಲ್ಲಿ ಕತ್ತರಿಸುವುದೇ ಇಲ್ಲ. ಉದ್ದ ಪಟ್ಟಿ ಸೀಳುವುದು ಮಾತ್ರ ಯಂತ್ರದಲ್ಲಿ. ತುಂಡು ಮಾಡುವುದು ಮೈಟರ್ ಪೆಟ್ಟಿಗೆಯಲ್ಲಿ, ಸಣ್ಣ ಹಲ್ಲಿನ ಕೈಗರಗಸದಿಂದ. ಪೆಟ್ಟಿಗೆಗೆ ಒಂದು ತಡೆಗುಬ್ಬಿ ಮೊಳೆ ಹೊಡೆದು ಕೂರಿಸಿದರೆ ಎಲ್ಲ ತುಂಡೂ ಒಂದೇ ಉದ್ದ ಬರುತ್ತವೆ, ಈ ಭಾಗವನ್ನು ಪ್ರೌಢಶಾಲೆಯ ಮಕ್ಕಳೂ ನಮ್ಮ ಕಣ್ಣೆದುರು ಮಾಡಬಹುದು.

ಮರ ಯಾವುದು ಎಂದರೆ, ಕೊಡಗು ಚಿಕ್ಕಮಗಳೂರಿನ ಕಾಫಿ ತೋಟಗಳ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಅಗ್ಗ, ಕೊಯ್ಯಲು ಸುಲಭ. ಪೂರ್ತಿ ಒಣಗಿರಬೇಕು ಅಷ್ಟೆ. ಹಳೆಯ ಬಾಗಿಲ ಹಲಗೆ ಬಳಸುವವರು ಮೊಳೆಗಾಗಿ ಅಂಗುಲ ಅಂಗುಲವೂ ತಡಕಿ ನೋಡಬೇಕು.

ಹೊಟ್ಟಿನ ಬಗ್ಗೆ ಉದಾಸೀನ ಬೇಡ. ಮರದ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಎನ್‌95 ಮಾಸ್ಕ್, ಕನ್ನಡಕ, ಕಿವಿಗೆ ಬಿರಡೆ ಮೂರೂ ಬೇಕು. ಎಂಡಿಎಫ್ ಹಲಗೆಯ ಧೂಳು ಇನ್ನೂ ನಯ, ಅಂಟಿನ ರಾಸಾಯನಿಕವೂ ಅದರಲ್ಲಿರುತ್ತದೆ. ಅದನ್ನು ಮುಚ್ಚಿದ ಕೋಣೆಯಲ್ಲಿ ಕೊಯ್ಯಬೇಡಿ.

ಈ ಯಂತ್ರವನ್ನು ಶಾಲೆಗೆ ಒಯ್ದು ಪ್ರಾತ್ಯಕ್ಷಿಕೆ ಕೊಡಬಹುದೇ ಎಂದು ಉತ್ಸಾಹಿಗಳು ಕೇಳುತ್ತಾರೆ. ಬೇಡ ಎಂಬುದು ನನ್ನ ಸ್ಪಷ್ಟ ಉತ್ತರ. ನಲವತ್ತು ಮಕ್ಕಳು ಸುತ್ತ ನೆರೆದಾಗ ಯಾರ ಗಮನ ಎಲ್ಲಿರುತ್ತದೆ ಎಂಬುದು ನಮ್ಮ ಹಿಡಿತದಲ್ಲಿಲ್ಲ, ಶಿಕ್ಷಕರದೂ ಸೇರಿ. ಪ್ರಶಿಕ್ಷಣಾರ್ಥಿಗಳಿಗೆ ತೋರಿಸುವಾಗಲೂ ನಾನು ಒಮ್ಮೆಗೆ ಇಬ್ಬರನ್ನಷ್ಟೇ ಕರೆಯುತ್ತೇನೆ. ಪ್ಲಗ್ ಕಿತ್ತಿಟ್ಟ ಯಂತ್ರದ ಮೇಲೆ ಒಬ್ಬರು ನಿಲ್ಲುವ ಜಾಗ, ತಳ್ಳುಕೋಲು ಎತ್ತಿಕೊಳ್ಳುವ ಕ್ಷಣ, ಮರ ಬ್ಲೇಡು ದಾಟಿದ ಮೇಲೆ ಕೈ ಹಿಂದಿರುಗುವ ದಾರಿ ಎಲ್ಲವನ್ನೂ ಸೂಕ್ಷ್ಮ ಬೋಧನೆಯ ಹಾಗೆ ಬಿಡಿಬಿಡಿಯಾಗಿ ಮಾಡುತ್ತಾರೆ, ಇನ್ನೊಬ್ಬರು ನೋಡಿ ಹೇಳುತ್ತಾರೆ. ಐದು ಸಲ ಸರಿಯಾದ ಮೇಲೆ ಪ್ಲಗ್ ಹಾಕುವುದು. ಕೆಲಸ ಮುಗಿದ ಮೇಲೆ ಪ್ಲಗ್ ಕಿತ್ತು, ಬ್ಲೇಡನ್ನು ಮೇಜಿನ ಕೆಳಗಿಳಿಸಿ, ಸ್ವಿಚ್ಚಿಗೆ ಬೀಗದ ತೂತು ಇದ್ದರೆ ಸಣ್ಣ ಬೀಗ ಹಾಕಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಆ ಬೀಗದಕೈ ಕಾರ್ಯಾಗಾರದಲ್ಲಿ ಇರದಿರಲಿ.