‘ಬೇಸ್’ ಎಂಬ ಮಾತಿನ ಕುಲಗೋತ್ರ

ಹೋದ ತಿಂಗಳು ಒಂದು ಸಂಜೆ ನಮ್ಮ ಅಣ್ಣನ ಮಗಳು ಇಂಗ್ಲೀಷು ನಿಘಂಟನ್ನು ತೊಡೆಯ ಮೇಲಿಟ್ಟುಕೊಂಡು ಮುಖ ಬಾಡಿಸಿ ಕುಳಿತಿದ್ದಳು. ಅವಳಿಗೆ ಹದಿನೈದು ವರುಷ, ಸಂಗೀತಪಾಠಕ್ಕೆ ಹೋಗುತ್ತಾಳೆ, ಕಂಠ ಸ್ವಲ್ಪ ದಪ್ಪ. ಜೊತೆಯ ಹುಡುಗಿಯೊಬ್ಬಳು “ನಿನ್ನದು ಬೇಸ್ ದನಿ” ಎಂದು ನಕ್ಕಳಂತೆ. ಇವಳು ಮನೆಗೆ ಬಂದು, ಕಿವಿಗೆ ಬಿದ್ದಂತೆಯೇ ಬಿ, ಎ, ಎಸ್, ಇ ಎಂದು ಹುಡುಕಿದಳು. ‘ಕೀಳಾದ, ನೀಚವಾದ’ ಎಂಬ ಅರ್ಥ ಕಣ್ಣಿಗೆ ಬಿದ್ದಿತು.

“ಚಿಕ್ಕಪ್ಪಾ, ನನ್ನ ದನಿ ಕೀಳೇ?” ಎಂದು ಕೇಳಿದಳು.

ಇಂತಹ ಪ್ರಶ್ನೆಗೆ ‘ಇಲ್ಲ ಮಗು’ ಎಂದು ತಲೆ ಸವರಿದರೆ ಸಾಲದಷ್ಟೆ. ಆ ಮಾತಿನ ಕುಲಗೋತ್ರವನ್ನೇ ವಿಚಾರಿಸಬೇಕಾಯಿತು.

ಸಂಗೀತದಲ್ಲಿ ತಗ್ಗಿನ ದನಿಗೆ ಹೇಳುವ ‘ಬೇಸ್’ ಶಬ್ದವನ್ನು ಬಿ, ಎ, ಎಸ್, ಎಸ್ ಎಂದು ಬರೆಯತಕ್ಕದ್ದು. ಅವಳು ಕಂಡದ್ದು ಬೇರೊಂದು ಬರಹ. ಆದರೆ ಮಕ್ಕಳ ಮುಂದೆ ಸತ್ಯವನ್ನು ಮರೆಮಾಚಬಾರದು, ಇವೆರಡೂ ಒಡಹುಟ್ಟುಗಳೇ. ಲ್ಯಾಟಿನ್ ಭಾಷೆಯ ಕಡೆಗಾಲದಲ್ಲಿ ‘ಬಸ್ಸುಸ್’ ಎಂಬ ಮಾತಿದ್ದಿತು. ಗಿಡ್ಡ, ತಗ್ಗು ಎಂದು ಅದರ ಅರ್ಥ. ಅದೇ ಹಳೆಯ ಫ್ರೆಂಚಿನ ಮೂಲಕ ಇಂಗ್ಲೆಂಡನ್ನು ಸೇರಿ ಎರಡು ಕವಲಾಯಿತು. ಒಂದು ಕವಲು, ಅಂತಸ್ತಿನಲ್ಲಿ ತಗ್ಗಿದವನು, ನಡತೆಯಲ್ಲಿ ತಗ್ಗಿದವನು ಎಂದು ಇಳಿಯುತ್ತ ಇಳಿಯುತ್ತ ‘ನೀಚ’ ಎಂಬಲ್ಲಿಗೆ ಮುಟ್ಟಿತು. ನಮ್ಮ ‘ಕೀಳು’ ಎಂಬುದಕ್ಕೂ ಇದೇ ಗತಿಯಲ್ಲವೆ? ಮೂಲದಲ್ಲಿ ಅದು ‘ಕೆಳಗಿನದು’ ಎಂದಷ್ಟೆ. ಇನ್ನೊಂದು ಕವಲು ಸಂಗೀತಗಾರರ ಕೈಸೇರಿ ಮಾನ ಉಳಿಸಿಕೊಂಡಿತು. ಇಟಲಿಯವರ ‘ಬಾಸ್ಸೊ’ ಶಬ್ದವನ್ನು ನೋಡಿ ಇಂಗ್ಲೀಷರು ಬರಹದಲ್ಲಿ ಎಸ್ ಅಕ್ಷರವನ್ನು ಇಮ್ಮಡಿಸಿದರು. ಉಚ್ಚಾರಣೆಯನ್ನು ಮಾತ್ರ ಹಳೆಯದನ್ನೇ ಇಟ್ಟುಕೊಂಡರು.

ತಳಹದಿ ಎಂಬ ಅರ್ಥದ ‘ಬೇಸ್’ ಒಂದುಂಟು. ಗಾನಕ್ಕೆ ತಳಹದಿಯಾದುದರಿಂದಲೇ ಈ ದನಿಗೆ ಆ ಹೆಸರೆಂದು ಕೆಲವರು ವಿವರಿಸುವರು. ಕೇಳುವುದಕ್ಕೆ ಸೊಗಸು, ಆದರೆ ನಿಜವಲ್ಲ. ಅದು ಹೆಜ್ಜೆ, ಪೀಠ ಎಂಬರ್ಥದ ‘ಬಸಿಸ್’ ಎಂಬ ಗ್ರೀಕ್ ಶಬ್ದದಿಂದ ಬಂದುದು.

ಇನ್ನು ಮುಖ್ಯವಾದ ಸಂಗತಿ. ೧೫ನೆಯ ಶತಮಾನದ ಯೂರೋಪಿನಲ್ಲಿ ಹಲವು ಕಂಠಗಳು ಏಕಕಾಲದಲ್ಲಿ ಬೇರೆ ಬೇರೆ ಧಾಟಿಗಳನ್ನು ಹಾಡುವ ಪದ್ಧತಿ ಬೆಳೆಯುತ್ತಿದ್ದಿತು. ಮೂಲ ಧಾಟಿಯನ್ನು ಹಿಡಿದುಕೊಂಡ ಕಂಠಕ್ಕೆ ‘ಟೆನರ್’ ಎಂದು ಹೆಸರು. ‘ಹಿಡಿ’ ಎಂಬ ಲ್ಯಾಟಿನ್ ಧಾತುವಿನಿಂದ ಆದುದು. ಅದಕ್ಕೆ ಎದುರಾಗಿ ಹಾಡುವ ಕಂಠವು ಕಾಲಕ್ರಮದಲ್ಲಿ ಎರಡಾಯಿತು. ಟೆನರಿನ ಕೆಳಗಿನದು ‘ಬಸ್ಸುಸ್’, ಅಂದರೆ ತಗ್ಗು. ಮೇಲಿನದು ‘ಆಲ್ಟುಸ್’, ಅಂದರೆ ಎತ್ತರ. ಮುಂದೆ ಸ್ತ್ರೀಯರ ಕಂಠಗಳಲ್ಲಿ ತಗ್ಗಾದುದಕ್ಕೆ ಈ ಎರಡನೆಯ ಹೆಸರೇ ‘ಆಲ್ಟೊ’ ಎಂದು ನಿಂತಿತು. ಬೇಸ್ ಎಂಬುದು ಗಂಡಸರ ಕಂಠ. ಹಾಗಾದರೆ ನಮ್ಮ ಹುಡುಗಿಯ ದಪ್ಪ ದನಿಗೆ ಆ ಜನರ ಶಾಸ್ತ್ರದಲ್ಲಿಯೇ ‘ಎತ್ತರ’ವೆಂದು ಹೆಸರು! ಇದನ್ನು ಕೇಳಿ ಅವಳು ನಿಘಂಟನ್ನು ಮುಚ್ಚಿಟ್ಟು ನನ್ನ ಹತ್ತಿರಕ್ಕೆ ಸರಿದು ಕುಳಿತಳು.

ನಾದಕ್ಕೆ ಮೇಲು ಕೆಳಗು ಎಂಬುದು ಮನುಷ್ಯನ ಕಲ್ಪನೆಯೇ ಸರಿ. ಗ್ರೀಕರ ಲೈರ್ ವಾದ್ಯದಲ್ಲಿ ಎಲ್ಲಕ್ಕಿಂತ ತಗ್ಗಿದ ದನಿಯ ತಂತಿಗೆ ‘ಎಲ್ಲಕ್ಕಿಂತ ಮೇಲಿನದು’ ಎಂಬರ್ಥದ ಹೆಸರಿದ್ದಿತು. ದನಿಯನ್ನು ಕುರಿತು ಅವರು ‘ತೀಕ್ಷ್ಣ’, ‘ಭಾರ’ ಎನ್ನುತ್ತಿದ್ದರು. ಭಾರಕ್ಕೆ ಅವರ ಶಬ್ದ ‘ಬರುಸ್’; ಗಂಡಸರ ನಡುತಗ್ಗಿನ ಕಂಠವಾದ ‘ಬ್ಯಾರಿಟೋನ್’ ಅದರಿಂದಲೇ ಆದುದು. ಈ ಬರುಸ್ಸೂ ನಮ್ಮ ಸಂಸ್ಕೃತದ ‘ಗುರು’ ಶಬ್ದವೂ ಒಂದೇ ಮೂಲದವು. ಭಾರವೆಂದದ್ದು ತಪ್ಪೂ ಅಲ್ಲ. ಮೃದಂಗದ ಎಡಮುಖಕ್ಕೆ ಕಲಸಿದ ರವೆಯನ್ನು ಮೆತ್ತುವುದನ್ನು ನೋಡಿರಬಹುದು. ತೂಕ ಹೆಚ್ಚಿದಂತೆ ಚರ್ಮವು ನಿಧಾನವಾಗಿ ಕಂಪಿಸುತ್ತದೆ, ದನಿ ಇಳಿಯುತ್ತದೆ. ಆಳೆತ್ತರವನ್ನು ಮೀರುವ ಡಬಲ್ ಬೇಸ್ ಎಂಬ ವಾದ್ಯದ ಅತ್ಯಂತ ದಪ್ಪ ತಂತಿ ಸೆಕೆಂಡಿಗೆ ಕಂಪಿಸುವುದು ಸುಮಾರು ೪೧ ಸಲ ಮಾತ್ರ.

ನಮ್ಮವರು ಮಂದ್ರ, ಮಧ್ಯ, ತಾರವೆಂದರು. ೧೩ನೆಯ ಶತಮಾನದ ಶಾರ್ಙ್ಗದೇವನು ತನ್ನ ‘ಸಂಗೀತರತ್ನಾಕರ’ದಲ್ಲಿ ಮಂದ್ರಕ್ಕೆ ಹೃದಯವನ್ನೂ, ಮಧ್ಯಕ್ಕೆ ಕಂಠವನ್ನೂ, ತಾರಕ್ಕೆ ಶಿರಸ್ಸನ್ನೂ ಸ್ಥಾನವಾಗಿ ಹೇಳಿರುವನು. ಅದಕ್ಕೂ ಹಿಂದೆ, ವೇದಗಳಲ್ಲಿ, ‘ಮಂದ್ರ’ ಎಂದರೆ ಆಹ್ಲಾದಕರವಾದುದು ಎಂದರ್ಥ.

ಶಬ್ದಗಳಿಂದ ಸಮಾಧಾನವಾಗದಿದ್ದರೆ ಎಂದು ಕೊನೆಗೆ ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ಲರ (೧೯೧೩–೨೦೦೯) ಸಂಗತಿ ತೆಗೆದೆನು. ಮೊದಲು ತೆಳುವಾಗಿದ್ದ ಅವರ ಕಂಠವು ಗಂಟಲಿನ ಶಸ್ತ್ರಚಿಕಿತ್ಸೆಯ ಅನಂತರ ಗಡುಸಾಯಿತು. ಆ ಗಡುಸು ಕಂಠದಲ್ಲಿಯೇ ಅವರು ಕಿರಾನಾ ಘರಾಣೆಯ ಗಾಯನದಿಂದ ನಾಡನ್ನು ಗೆದ್ದು, ೨೦೦೨ರಲ್ಲಿ ಪದ್ಮವಿಭೂಷಣರಾದರು. ಧ್ವನಿಮುದ್ರಣವೊಂದನ್ನು ಹಾಕಿದೆನು. ಹುಡುಗಿ ಕೊನೆಯವರೆಗೂ ಅಲುಗಲಿಲ್ಲ.

ಮುಗಿದ ಮೇಲೆ ಮತ್ತೆ ನಿಘಂಟನ್ನು ತೆರೆದು, “ಚಿಕ್ಕಪ್ಪಾ, ಎರಡು ಎಸ್ ಹಾಕಿ ಬರೆದುದಕ್ಕೆ ಇಲ್ಲಿ ಮೀನು ಎಂದೂ ಇದೆಯಲ್ಲ!” ಎಂದಳು. ಅದು ಬೇರೆ ವಂಶ, ಮುಳ್ಳುರೆಕ್ಕೆಯ ಮೀನಿಗೆ ಹಳೆಯ ಇಂಗ್ಲೀಷಿನಲ್ಲಿದ್ದ ಹೆಸರು ನಡುವಿನ ರೇಫವನ್ನು ಕಳೆದುಕೊಂಡು ಹಾಗಾಗಿದೆ, ಅದನ್ನು ‘ಬ್ಯಾಸ್’ ಎನ್ನಬೇಕು ಎಂದೆನು. “ನಾಳೆ ಅವಳಿಗೆ ಇದನ್ನು ಓದಲು ಕೊಡುತ್ತೇನೆ” ಎಂದು ನಕ್ಕು ತಂಬೂರಿಯನ್ನು ಎತ್ತಿಕೊಂಡಳು.