ಮನೆ ಒಂದು ರಾಜ್ಯದಲ್ಲಿ, ಕೆಲಸ ಇನ್ನೊಂದರಲ್ಲಿ: ತೆರಿಗೆ ಯಾರಿಗೆ?

ದುಬೈಗೋ ಸೌದಿಗೋ ದುಡಿಯಲು ಹೋದವರಿಗೆ ಅಲ್ಲಿ ಸಂಬಳದ ಮೇಲೆ ಆದಾಯ ತೆರಿಗೆಯ ತಲೆಬಿಸಿ ಇಲ್ಲ. ನಮ್ಮ ದೇಶದಲ್ಲಿ ಸಂಬಳದ ಆದಾಯ ತೆರಿಗೆ ಕೇಂದ್ರಕ್ಕೆ ಸೇರಿದ್ದು. ರಾಜ್ಯಗಳು ವಸೂಲಿ ಮಾಡುವ ವೃತ್ತಿ ತೆರಿಗೆ ಸಂವಿಧಾನದ 276ನೇ ವಿಧಿಯಂತೆ ವರ್ಷಕ್ಕೆ 2,500 ರೂಪಾಯಿ ಮೀರುವಂತಿಲ್ಲ. ಆದರೆ ಅಮೆರಿಕದಲ್ಲಿ ಕೇಂದ್ರಕ್ಕೊಂದು ರಿಟರ್ನ್, ರಾಜ್ಯಕ್ಕೆ ಬೇರೆಯೇ ರಿಟರ್ನ್. ಅಲ್ಲಿನವರ ರಿಟರ್ನ್ ತಯಾರಿಸುವ ಕಚೇರಿಗಳು ಬೆಂಗಳೂರಿನಲ್ಲೇ ಇದ್ದು, ಬಿ.ಕಾಂ. ಮುಗಿಸಿದವರಿಗೆ ಕೆಲಸ ಕೊಡುತ್ತಿವೆ. ಆದ್ದರಿಂದ ವಾಣಿಜ್ಯ ವಿದ್ಯಾರ್ಥಿಗಳಾದ ನಾವು ಇದನ್ನು ತಿಳಿದಿರುವುದು ಒಳ್ಳೆಯದು.

ಒಂದು ಉದಾಹರಣೆ ನೋಡೋಣ. ಒಬ್ಬರು ಜೂನ್ ಕೊನೆಯವರೆಗೆ ಟೆಕ್ಸಾಸ್‌ನಲ್ಲಿದ್ದು 60,000 ಡಾಲರ್ ಗಳಿಸಿದರು. ಜುಲೈಯಿಂದ ನ್ಯೂಜೆರ್ಸಿಯಲ್ಲಿ ಮನೆ, ನದಿಯಾಚೆ ನ್ಯೂಯಾರ್ಕ್‌ನಲ್ಲಿ ಹೊಸ ಕೆಲಸ. ಅಲ್ಲಿ ಇನ್ನೊಂದು 60,000.

ಟೆಕ್ಸಾಸ್‌ನಲ್ಲಿ ರಾಜ್ಯ ಆದಾಯ ತೆರಿಗೆಯೇ ಇಲ್ಲ, ಆ ಲೆಕ್ಕ ಮುಗಿಯಿತು. ನ್ಯೂಯಾರ್ಕ್‌ಗೆ ಅವರು ‘ಅನಿವಾಸಿ’ಯಾಗಿ ರಿಟರ್ನ್ ಸಲ್ಲಿಸಬೇಕು, ನ್ಯೂಜೆರ್ಸಿಗೆ ‘ಭಾಗಶಃ ವರ್ಷದ ನಿವಾಸಿ’ಯಾಗಿ. ಹಾಗಾದರೆ ಒಂದೇ ಸಂಬಳಕ್ಕೆ ಎರಡು ತೆರಿಗೆಯೇ? ಇಲ್ಲ. ನ್ಯೂಯಾರ್ಕ್‌ಗೆ ಕಟ್ಟಿದ್ದಕ್ಕೆ ನ್ಯೂಜೆರ್ಸಿ ತನ್ನ ತೆರಿಗೆಯಲ್ಲಿ ರಿಯಾಯಿತಿ ಕೊಡುತ್ತದೆ. ಅದಕ್ಕೇ ಮೊದಲು ಅನಿವಾಸಿ ರಿಟರ್ನ್ ಮುಗಿಸಿ, ನಂತರ ವಾಸದ ರಾಜ್ಯದ್ದಕ್ಕೆ ಕೈಹಾಕಬೇಕು.

ಇಲ್ಲೊಂದು ಸ್ವಾರಸ್ಯವಿದೆ. ನ್ಯೂಯಾರ್ಕ್ ಮೊದಲು ಇಡೀ 1,20,000ಕ್ಕೆ ತೆರಿಗೆ ಲೆಕ್ಕ ಹಾಕಿ, ಅದರಲ್ಲಿ ನ್ಯೂಯಾರ್ಕ್ ಗಳಿಕೆಯ ಪಾಲಿನಷ್ಟನ್ನು, ಇಲ್ಲಿ ಸುಮಾರು ಅರ್ಧವನ್ನು, ವಸೂಲಿ ಮಾಡುತ್ತದೆ. ಟೆಕ್ಸಾಸ್ ಸಂಬಳದ ಮೇಲೆ ನೇರ ತೆರಿಗೆ ಬೀಳದಿದ್ದರೂ ಅದರಿಂದಾಗಿ ದರ ಏರುತ್ತದೆ. ಬುದ್ಧಿವಂತಿಕೆ ಎನ್ನಿ, ಜಾಣ ಲೂಟಿ ಎನ್ನಿ!

ವಾರದಲ್ಲಿ ಎರಡು ದಿನ ಮನೆಯಿಂದಲೇ ಕೆಲಸ ಮಾಡಿದರೆ? ಮಾಲೀಕರ ಅಗತ್ಯಕ್ಕಲ್ಲದೆ ನೌಕರನ ಅನುಕೂಲಕ್ಕಾಗಿ ಮನೆಯಲ್ಲಿ ಕುಳಿತರೆ ಆ ದಿನಗಳೂ ತನ್ನವೇ ಎನ್ನುತ್ತದೆ ನ್ಯೂಯಾರ್ಕ್. ಕನೆಕ್ಟಿಕಟ್‌ನಲ್ಲಿ ವಾಸವಿದ್ದ ಕಾನೂನು ಪ್ರಾಧ್ಯಾಪಕ ಎಡ್ವರ್ಡ್ ಝೆಲಿನ್ಸ್ಕಿ ಇದನ್ನು ಪ್ರಶ್ನಿಸಿ ಹೋರಾಡಿದರು. 2003ರಲ್ಲಿ ನ್ಯೂಯಾರ್ಕ್‌ನ ಅತ್ಯುನ್ನತ ನ್ಯಾಯಾಲಯ ರಾಜ್ಯದ ಪರವಾಗಿಯೇ ತೀರ್ಪಿತ್ತಿತು. 2023ರಲ್ಲಿ ನ್ಯೂಜೆರ್ಸಿಯೂ ಪ್ರತ್ಯುತ್ತರವಾಗಿ ಇಂಥದ್ದೇ ನಿಯಮ ತಂದಿತು.

ನೆರೆಹೊರೆ ಎಲ್ಲ ಕಡೆ ಹೀಗಿಲ್ಲ. ನ್ಯೂಜೆರ್ಸಿಗೂ ಪೆನ್ಸಿಲ್ವೇನಿಯಾಕ್ಕೂ ಪರಸ್ಪರ ಒಪ್ಪಂದವಿದೆ. ಫಿಲಡೆಲ್ಫಿಯಾದಲ್ಲಿ ಮನೆ ಮಾಡಿ ನ್ಯೂಜೆರ್ಸಿಯಲ್ಲಿ ದುಡಿಯುವವರು ರಾಜ್ಯ ತೆರಿಗೆಯನ್ನು ಪೆನ್ಸಿಲ್ವೇನಿಯಾಕ್ಕಷ್ಟೇ ಕಟ್ಟಿದರಾಯಿತು.

ಕೈಸುಡುವುದು ಮಾತ್ರ ಬೇರೆಡೆ. ಮನೆ ಬದಲಿಸಿದ್ದನ್ನು ಕಂಪನಿಗೆ ತಿಳಿಸದಿದ್ದರೆ ಅದು ಹಳೆಯ ರಾಜ್ಯದ ಹೆಸರಿನಲ್ಲೇ ಸಂಬಳದಿಂದ ತೆರಿಗೆ ಹಿಡಿಯುತ್ತಾ ಹೋಗುತ್ತದೆ. ‘ಹೇಗೂ ಕಟ್ಟಿದ್ದೇನಲ್ಲ, ಹೊಸ ರಾಜ್ಯ ರಿಯಾಯಿತಿ ಕೊಡಲಿ’ ಎಂದರೆ ನಡೆಯದು. ರಿಯಾಯಿತಿ ಸಿಗುವುದು ನಿಜವಾಗಿ ಸಲ್ಲಬೇಕಾದ ತೆರಿಗೆಗೆ, ತಪ್ಪಿ ಹಿಡಿದದ್ದಕ್ಕಲ್ಲ. ಹೊಸ ರಾಜ್ಯಕ್ಕೆ ಪೂರ್ತಿ ಕಟ್ಟಿ, ಹಳೆಯ ರಾಜ್ಯಕ್ಕೆ ಅನಿವಾಸಿ ರಿಟರ್ನ್ ಹಾಕಿ ಹಣ ವಾಪಸು ಕೇಳಬೇಕು. ಸಂಬಳದ ವಾರ್ಷಿಕ ಪತ್ರ ಡಬ್ಲ್ಯೂ-2ರ 15ರಿಂದ 17ರವರೆಗಿನ ಅಂಕಣಗಳಲ್ಲಿ ಯಾವ ರಾಜ್ಯದ ಹೆಸರಿದೆ, ಎಷ್ಟು ಹಿಡಿದಿದ್ದಾರೆ ಎಂಬುದು ಇರುತ್ತದೆ. ಜನವರಿ ಕೊನೆಗೆ ಅದು ಕೈಸೇರುತ್ತದೆ. ಹೆಚ್ಚಿನ ರಾಜ್ಯಗಳಲ್ಲಿ ರಿಟರ್ನ್‌ಗೆ ಕೊನೆಯ ದಿನ ಏಪ್ರಿಲ್ 15.