ತುರಹಳ್ಳಿ: ಹುಲ್ಲು ತೆನೆ ಕಟ್ಟಿದರೆ ಇಲಿಗೆ ಸುಗ್ಗಿ

ಬೆಂಗಳೂರಿನ ಬನಶಂಕರಿ 6ನೇ ಹಂತದ ಮನೆಸಾಲು ಮುಗಿಯುವಲ್ಲಿ ತುರಹಳ್ಳಿ ಕಿರು ಅರಣ್ಯ ಶುರುವಾಗುತ್ತದೆ. ಹಿಂಗಾರು ಕಳೆದ ಬೆನ್ನಿಗೇ ನಾನು ಹೋದಾಗ ಹುಲ್ಲು ಸೊಂಟದ ಮಟ್ಟಕ್ಕೆ ಬೆಳೆದು ತೆನೆದೂಗುತ್ತಿತ್ತು. ಬಂದರೆ ಗಿಡಗಳ ಬುಡದಲ್ಲಿ, ಬಂಡೆಗಳ ಸಂದಿಯಲ್ಲಿ ಹೆಜ್ಜೆಗೊಂದು ಬಿಲ. ಕೆಲವದರ ಬಾಯಲ್ಲಿ ಹಸಿ ಮಣ್ಣು, ಪಕ್ಕದಲ್ಲಿ ಕಡಿದುಹಾಕಿದ ಹುಲ್ಲಿನ ಕಡ್ಡಿ.

ಬನಶಂಕರಿ ದೇವಸ್ಥಾನ 1915ರಲ್ಲಿ ಕಟ್ಟಿದ್ದು. ಬಡಾವಣೆ ಅದರ ಹೆಸರು ಹೊತ್ತು ಹಂತಹಂತವಾಗಿ ಇಲ್ಲಿಯವರೆಗೆ ಬೆಳೆದಿದೆ. ಕಾಡಿನ ವಿಸ್ತೀರ್ಣ ಸುಮಾರು 600 ಎಕರೆ. 2021ರಲ್ಲಿ ಇಲ್ಲಿ ವೃಕ್ಷೋದ್ಯಾನ ಮಾಡುವ ಯೋಜನೆಯನ್ನು ಸುತ್ತಲಿನ ಜನ ಬೀದಿಗಿಳಿದು ವಿರೋಧಿಸಿದರು.

ದಾರಿ ತೋರಿಸಿದ ಕಾವಲುಗಾರರು ಮಾತುಗಾರರು. "ಮಳೆ ಚೆನ್ನಾಗಿ ಹುಯ್ದ ವರ್ಷ ನೋಡ್ಬೇಕು ಸಾರ್. ಹುಲ್ಲು ತೆನೆ ಕಟ್ತು ಅಂದ್ರೆ ಇಲಿಗೆ ಸುಗ್ಗಿ. ಇಲಿ ಹೆಚ್ಚಾದ್ವು ಅಂದ್ರೆ ಕೇರೆ, ನಾಗರ, ಗೂಬೆ ಎಲ್ಲಾ ಹಿಂದೇನೇ ಬರ್ತವೆ. ಬೇಸಿಗೇಲಿ ಬನ್ನಿ, ಅರ್ಧ ಬಿಲಕ್ಕೆ ಜೇಡ ಬಲೆ ಕಟ್ಟಿರ್ತದೆ." ಚಿಕ್ಕಂದಿನಲ್ಲಿ ರಾಗಿ ಕೊಯ್ದ ಮೇಲೆ ಹಿರಿಯರ ಜೊತೆ ಹೊಲದಲ್ಲಿ ಹೆಗ್ಗಣದ ಬಿಲ ಅಗೆಯುತ್ತಿದ್ದರಂತೆ. ಒಳಗೆ ಕೂಡಿಟ್ಟ ತೆನೆ ಮೊರಗಟ್ಟಲೆ ಸಿಗುತ್ತಿತ್ತು. ಬಿಲದ ಎರಡನೇ ಬಾಯಿ ಹುಡುಕಿ ಮೊದಲು ಕಲ್ಲು ಮುಚ್ಚಬೇಕು, ಹಸಿ ಮಣ್ಣಿದ್ದರಷ್ಟೇ ಗುದ್ದಲಿ ಹಾಕಬೇಕು ಎಂದು ಕೂತು ತೋರಿಸಿದರು. ಹೊಲಗಳೆಲ್ಲ ಸೈಟುಗಳಾದವು. ಅವರ ಮಕ್ಕಳಿಗೆ ಆ ವಿದ್ಯೆ ಗೊತ್ತಿಲ್ಲ.

ಅವರು ಹೇಳಿದ ಏರಿಳಿತ ಜೀವವಿಜ್ಞಾನದ ಹಳೆಯ ಪ್ರಶ್ನೆ. ನಾರ್ವೆಯ ಹಿಮಬೆಟ್ಟಗಳಲ್ಲಿ ಲೆಮ್ಮಿಂಗ್ ಎಂಬ ಮೋಟುಬಾಲದ ದಂಶಕ ಮೂರರಿಂದ ಐದು ವರ್ಷಕ್ಕೊಮ್ಮೆ ವಿಪರೀತ ಹೆಚ್ಚಿ, ಹಿಮದಡಿಯ ಪಾಚಿ, ಹುಲ್ಲನ್ನು ಮೇಯ್ದು ಬರಿದು ಮಾಡಿ, ಮತ್ತೆ ಹಠಾತ್ತನೆ ಕುಸಿಯುತ್ತದೆ. ಇಂಗ್ಲೆಂಡಿನ ಚಾರ್ಲ್ಸ್ ಎಲ್ಟನ್ 1924ರಲ್ಲೇ ಇದರ ಬಗ್ಗೆ ಬರೆದರು. ಮೇವು ತೀರುವುದು ಕಾರಣವೋ, ಬೇಟೆ ಪ್ರಾಣಿಗಳೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ನಮ್ಮ ದೇಶದಲ್ಲೇ ಮಿಜೋರಾಂನಲ್ಲಿ ಸುಮಾರು 48 ವರ್ಷಕ್ಕೊಮ್ಮೆ ಬಿದಿರು ಹೂಬಿಟ್ಟಾಗ ಇಲಿಗಳು ಉಕ್ಕಿ ಹೊಲ ಬಳಿದಿವೆ. 1959ರ ಹೂವಿನ ಹಿಂದೆ ಬರಗಾಲವೇ ಬಂತು. ಬಯಲುಸೀಮೆಯಲ್ಲಿ ಗಡುವು ಇಡುವುದು ಮುಂಗಾರು, ಹಿಂಗಾರು. ಬಾಲದ ತುದಿಯಲ್ಲಿ ಕಪ್ಪು ಕುಚ್ಚಿರುವ ಜರ್ಬಿಲ್ ಇಲಿ ಮಳೆಯ ಹಸಿರಿನೊಂದಿಗೆ ಮರಿಹಾಕುತ್ತದೆ, ಬೀಜ ತಿಂದು ಹೆಚ್ಚುತ್ತದೆ, ಒಣ ತಿಂಗಳಲ್ಲಿ ಇಳಿಯುತ್ತದೆ. ತಿಂದುಳಿದ ಬೀಜ ಮುಂದಿನ ಮಳೆಗೆ ಮೊಳೆಯುತ್ತದೆ.

ಈ ಲೆಕ್ಕ ಕೆಡುವುದು ಕಾಡಿನ ಅಂಚಿನಲ್ಲಿ. ರಸ್ತೆಬದಿ ಸುರಿದ ಎಂಜಲು, ಕೊಳೆತ ತರಕಾರಿ, ಕೋಳಿ ತ್ಯಾಜ್ಯದ ಗುಡ್ಡೆಗಳ ಸುತ್ತ ಹೆಗ್ಗಣದ ಬಿಲಗಳೇ ಬಿಲಗಳು. ಮೂರು ವಾರಕ್ಕೆಲ್ಲ ಮರಿಹಾಕುವ ಜೀವಕ್ಕೆ ಅಲ್ಲಿ ಬೇಸಿಗೆಯೆಂಬುದೇ ಇಲ್ಲ. ಅವು ಮನೆಗೆ ನುಗ್ಗಿದಾಗ ಜನ ಬ್ರೊಮಾಡಿಯೊಲೋನ್ ಪಾಷಾಣ ಇಡುತ್ತಾರೆ. ಅದನ್ನು ತಿಂದ ಇಲಿ ಕೂಡಲೇ ಸಾಯದೆ ಕೆಲವು ದಿನ ತೂರಾಡುತ್ತದೆ, ಸುಲಭವಾಗಿ ಗೂಬೆಯ ಬಾಯಿಗೆ ಬೀಳುತ್ತದೆ, ವಿಷ ಗೂಬೆಯ ಯಕೃತ್ತಿನಲ್ಲಿ ಕೂಡುತ್ತದೆ. ಇಲಿ ಹಿಡಿಯುವ ಹಕ್ಕಿಯನ್ನೇ ಕೊಂದು ಇಲಿಗೆ ದಾರಿಮಾಡಿಕೊಡುತ್ತಿದ್ದೇವೆ.

ಬೇಸಿಗೆಯ ಬೆಂಕಿಯೂ ಅಷ್ಟೇ ಕೆಟ್ಟದ್ದು. ಯಾರೋ ಎಸೆದ ಬೀಡಿಯ ಕಿಡಿಗೆ ಹುಲ್ಲಿನೊಂದಿಗೆ ನೆಲದ ಮೇಲಿನ ಬೀಜವೂ ಸುಡುತ್ತದೆ, ಆ ಜಾಗಕ್ಕೆ ಲಂಟಾನ ನುಗ್ಗುತ್ತದೆ.

ತುರಹಳ್ಳಿಗೆ ಹೊಸ ಉದ್ಯಾನ, ಬೆಂಚು, ದೀಪ ಯಾವುದೂ ಬೇಡ. ಅಂಚಿನ ಕಸ ದಿನವೂ ಎತ್ತಬೇಕು. ಬೇಸಿಗೆಗೆ ಮೊದಲು ಬೆಂಕಿರೇಖೆ ಕಡಿಯಬೇಕು. ಹತ್ತಿರದ ಕಾಲೇಜಿನ ಮಕ್ಕಳು ತಿಂಗಳಿಗೊಮ್ಮೆ ಬಂದು ಒಂದೇ ಜಾಗದ ಬಿಲ ಎಣಿಸಿ, ಹುಲ್ಲು ಅಳೆದು ಬರೆದಿಟ್ಟರೆ, ಕಾವಲುಗಾರರ ಬಾಯಲ್ಲಿರುವ ತಿಳಿವಳಿಕೆ ಕಾಗದಕ್ಕೂ ಬರುತ್ತದೆ.